ಜೂನ್ ತಿಂಗಳ ಲೆಕ್ಕ

ಮೊದಲು ಎದ್ದದ್ದು ಸೊನ್ನೆಯ ತಕರಾರು.
ಒಂದನೇ ತಾರೀಖಿನಿಂದ ಮಾಳೀಂ ಜೆಟ್ಟಿಯಲ್ಲಿ
ಟ್ರಾಲರುಗಳೆಲ್ಲ ಪಕ್ಕೆಗೆ ಪಕ್ಕೆ ಒರಗಿ ನಿಂತಿವೆ,
ತಾಡಪಾಲಿನ ಕೆಳಗೆ ಬಲೆ ಹೊಲಿಯುವವರು ನಾಲ್ಕು ಜನ.
ಒಟ್ಟು ಮೀನು ಭಾಗಿಸು ಒಟ್ಟು ಟ್ರಿಪ್ಪು ಅಂದರೆ
ಮೇ ತನಕ ತಣ್ಣಗೆ ಉತ್ತರ ಕೊಟ್ಟ ಕಾಲಮ್
ಈಗ ಮೇಲಿಂದ ಕೆಳಗೆ ಒಂದೇ ಬೈಗುಳ:
ಸೊನ್ನೆಯಿಂದ ಭಾಗಿಸಬೇಡ.

ಸಿಟ್ಟು ಬರಲಿಲ್ಲ. ಅದು ಹೇಳುವುದು ಖರೆ.
ಹೋಗದ ದೋಣಿಗೆ ಸರಾಸರಿ ಎಲ್ಲಿಂದ ತರಲಿ?
ಟ್ರಿಪ್ಪು ಸೊನ್ನೆ ಇದ್ದರೆ ‘ರಜೆ’ ಎಂದು ಬರೆ,
ಇಷ್ಟು ಹೇಳಿಕೊಟ್ಟೆ. ಸುಮ್ಮನಾಯಿತು.

ಐಸಿನ ಖರ್ಚಿನಲ್ಲಿ ಬರೀ ಜಾಲರಿ ಗುರುತು.
ಅದು ತಪ್ಪೇ ಅಲ್ಲ, ಮೊತ್ತ ದೊಡ್ಡದು, ಖೋಲಿ ಸಣ್ಣದು.
ಗೆರೆ ಹಿಡಿದು ಬಲಕ್ಕೆ ಎಳೆದೆ,
ಏಳೂ ಅಂಕಿ ಮೈಬಿಟ್ಟು ಕೂತವು.

ಮಾಲ್ವಣಕ್ಕೆ ಮಾರಿದ ದೋಣಿಯ ಸಾಲು
ಅಳಿಸು ಅಂದಿದ್ದರು ಕಾಯ್ತಾನ್ ಬಾಬ್, ಅಳಿಸಿದ್ದೆ.
ಅದನ್ನು ನೆಚ್ಚಿಕೊಂಡಿದ್ದ ಮನೆಗಳೆಲ್ಲ ಈಗ
ರೆಫ್, ರೆಫ್, ರೆಫ್.
ಇತ್ತು, ಈಗಿಲ್ಲ; ಏನಿತ್ತೆಂದು ನನ್ನ ಕೇಳಬೇಡ.
ಹೋದ ವಾರದ ಪ್ರತಿ ತೆಗೆದು
ಡೀಸೆಲ್ ಬಾಕಿಯನ್ನು ಕೈಯಾರೆ ಟೈಪು ಮಾಡಿದೆ.
ಮಾರಿದ ದೋಣಿಯೂ ಅಷ್ಟು ಸಲೀಸಾಗಿ
ಲೆಕ್ಕದಿಂದ ಇಳಿಯುವುದಿಲ್ಲ.

‘ಜಾಲೆಂ, ನಂದಾ?’ ಕೆಳಗಿನಿಂದ ಬಾಬ್.
ಆಯ್ತು ಅನ್ನುವವಳಿದ್ದೆ.

ಖಲಾಶಿಗಳ ಪಾಲಿನ ಹಾಳೆ ಮಾತ್ರ
ತೊಳೆದಿಟ್ಟ ಬಸಿಯ ಹಾಗೆ. ಒಂದು ದೂರಿಲ್ಲ.
ಎರರ್ ಬಂದರೆ ಸೊನ್ನೆ ತೋರಿಸು ಎಂದು
ಇಡೀ ಹಾಳೆಗೆ ಮುಸುಕು ಹೊದಿಸಿ
ರಿಟೈರಾಗಿದ್ದರು ಉಸ್ಗಾಂವ್ಕರ್ ಮಾಸ್ತರರು.
‘ಸಾಹುಕಾರರ ಮುಂದೆ ಕೆಟ್ಟ ಹಾಳೆ ಇಡಬಾರದು, ಬಾಯ್.’
ಯಾಕೋ ಮುಸುಕು ಎತ್ತಿ ನೋಡಿದೆ.

ಮೂವತ್ತೊಂದನೇ ಸಾಲು: ಸಿಗಲಿಲ್ಲ.
ಮಾರ್ಚು ಸಿಗಲಿಲ್ಲ. ಏಪ್ರಿಲ್ಲು ಸಿಗಲಿಲ್ಲ. ಮೇ.
ಬುಧ್ರಾಮ್ ಕುಜೂರ್.
ಆ ಪಟ್ಟಿಯಲ್ಲೂ ಇದ್ದಾನೆ, ಈ ಪಟ್ಟಿಯಲ್ಲೂ ಇದ್ದಾನೆ,
ಅದೇ ಇಂಗ್ಲಿಷ್ ಅಕ್ಷರ, ಅದೇ ಅನುಕ್ರಮ,
ಯಂತ್ರ ಒಪ್ಪುತ್ತಿಲ್ಲ.
ಉದ್ದ ಅಳೆಸಿದೆ. ನನ್ನ ಕಣ್ಣಿಗೆ ಹದಿಮೂರು,
ಅದಕ್ಕೆ ಹದಿನಾಲ್ಕು.

ಹೆಸರಿನ ಬಾಲಕ್ಕೆ ಒಂದು ಖಾಲಿ ಜಾಗ.

ಫೆಬ್ರವರಿ ಕೊನೆಗೆ, ಹೆಗಲಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿ
ಆಧಾರ್ ಝೆರಾಕ್ಸ್ ನೋಡುತ್ತ ಹೆಸರು ಹೊಡೆದವಳು ನಾನು.
ಹೆಬ್ಬೆರಳು ಸುಮ್ಮನೆ ಕೂರುವುದಿಲ್ಲ ನನ್ನದು.

ಅವನು ಬಂದಿದ್ದ ಒಂದು ಸಲ, ಏಪ್ರಿಲಿನಲ್ಲಿ,
ಚಪ್ಪಲಿ ಹೊರಗೆ ಬಿಟ್ಟು, ಬಾಗಿಲಲ್ಲೇ ನಿಂತು.
ಸ್ಕ್ರೀನು ಅವನ ಕಡೆ ತಿರುಗಿಸಿದ್ದೆ:
ನೋಡಪ್ಪ, ಸೊನ್ನೆ. ಕಂಪ್ಯೂಟರೇ ಹೇಳುತ್ತಿದೆ,
ಟಂಡೇಲನನ್ನು ಕೇಳು.
ಬಹಳ ಹೊತ್ತು ನೋಡಿದ, ಓದು ಬರುವವನ ಹಾಗೆ.
ಮತ್ತೆ ಚಪ್ಪಲಿ ಹಾಕಿಕೊಂಡ.

ಸಿಗಲಿಲ್ಲ ಎಂದಿದ್ದರೆ ಹುಡುಕುತ್ತಿದ್ದೆ.
ಸೊನ್ನೆ ಅಂದಿತು, ಇಬ್ಬರೂ ನಂಬಿದೆವು.

ಟ್ರಿಮ್ ಹಾಕಿದೆ.
ಮೂವತ್ತೊಂದು ಸಾವಿರದ ಆರುನೂರ ನಲವತ್ತು
ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಕೂತಿತು,
ಬಾಗಿಲಾಚೆಯೇ ನಿಂತಿದ್ದ ಹಾಗೆ.

ಆಮೇಲೆ ಕೂತು ಎಲ್ಲ ಹಾಳೆಗಳ ಮುಸುಕು ತೆಗೆದೆ.
ಬಾಬ್ ಮೇಲೆ ಹತ್ತಿ ಬಂದು ಹೌಹಾರಿದರು:
‘ಇಷ್ಟೊಂದು ಎರರ್?’
ಇದ್ದವೇ, ಅಂದೆ. ನಾಳೆ ಒಂದೊಂದಾಗಿ ನೋಡುತ್ತೇನೆ.

ಸಿಮ್ಡೇಗಾದಲ್ಲಿ ಈಗ ನಾಟಿಯಂತೆ,
ಆಗಸ್ಟಿಗೆ ಬರುವುದು ಅನುಮಾನ ಅಂದ ಟಂಡೇಲ.
ಸ್ವಿಚ್ ಆಫ್. ಸ್ವಿಚ್ ಆಫ್.
ಬೆತೀಮಿನ ಫೆರ್ರಿ ಆಚೆ ದಡ ಮುಟ್ಟಿ ತಿರುಗಿ ಬಂತು.
ಮತ್ತೆ ಹಚ್ಚಿ, ನನ್ನ ಹರಕು ಹಿಂದಿಯಲ್ಲಿ
ಮಾತು ಕೂಡಿಸಿಕೊಳ್ಳುತ್ತಿದ್ದೆ:
ನಿನ್ನ ಹೆಸರಿನ ಕೊನೆಗೆ, ತಮ್ಮಾ,
ನಾನು ಒಂದು,
ಏನಂದರೆ, ಏನೂ ಇಲ್ಲದ್ದೊಂದು

ರಿಂಗಾಯಿತು.